ಮೂರು ಧಾನ್ಯಗಳ ದಾರಿ

ರಜೆ ಸಮೀಪಿಸಿತೆಂದರೆ ನಮ್ಮ ನಗರದ ಮನೆಗಳಲ್ಲಿ ಎರಡು ಪ್ರಶ್ನೆಗಳು ತಲೆಯೆತ್ತುತ್ತವೆ. ಎಲ್ಲಿಗೆ ಹೋಗುವುದು ಎಂಬುದೊಂದು. ಅಲ್ಲಿ ಊಟಕ್ಕೇನು ಮಾಡುವುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಯಜಮಾನರು ನಕ್ಷೆ ನೋಡಿ ಉತ್ತರ ಹೇಳುತ್ತಾರೆ. ಎರಡನೆಯದಕ್ಕೆ ಗೃಹಿಣಿ ಮೂರು ದಿನ ಮೊದಲೇ ಒಲೆಯ ಮುಂದೆ ನಿಂತು ಉತ್ತರ ಸಿದ್ಧಪಡಿಸುತ್ತಾಳೆ. ಚಕ್ಕುಲಿ, ಕೋಡುಬಳೆ, ಪುಳಿಯೋಗರೆಯ ಗೊಜ್ಜು, ಹುರಿದ ಅವಲಕ್ಕಿ, ಚಟ್ನಿಪುಡಿ—ಹೀಗೆ ಅಡುಗೆಮನೆಯೇ ಡಬ್ಬಿಗಳಲ್ಲಿ ತುಂಬಿಕೊಂಡು ಕಾರನ್ನೇರುತ್ತದೆ. ಊರೂರು ಸುತ್ತಿ ಬಂದರೂ ನಾಲಗೆ ಮಾತ್ರ ಮನೆ ಬಿಟ್ಟು ಕದಲಿರುವುದಿಲ್ಲ. ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಎಣಿಸಬಾರದೆಂಬುದೇ ಈ ವಾರದ ನನ್ನ ನಿವೇದನೆ. ಉಣ್ಣುವುದನ್ನು ನೋಡಿಕೊಂಡು ದಾರಿಯನ್ನು ಗೊತ್ತುಮಾಡಿದರೆ ಪ್ರವಾಸಕ್ಕೆ ಒಂದು ಅರ್ಥವಿರುತ್ತದೆ.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ನಕ್ಷೆಯಲ್ಲಿ ಒಂದಾದ ನಾಡು ನಮ್ಮ ಊಟದ ಎಲೆಯ ಮೇಲೆ ಒಂದಾಗಿದೆಯೆ? ಮುದ್ದೆಯನ್ನು ಒರಟು ಅನ್ನವೆನ್ನುವವರು, ಜೋಳದ ರೊಟ್ಟಿ ಗಂಟಲಿಗಿಳಿಯದೆನ್ನುವವರು, ಕುಚ್ಚಲಕ್ಕಿಯ ಅನ್ನವನ್ನು ತಟ್ಟೆಯ ಬದಿಗೆ ಸರಿಸುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಬೆಂಗಳೂರಿನ ಎಷ್ಟೋ ಮಕ್ಕಳು ಸಿಂಗಪುರವನ್ನು ನೋಡಿರುತ್ತಾರೆ, ಬಾದಾಮಿಯನ್ನು ನೋಡಿರುವುದಿಲ್ಲ. ನೂಡಲ್ಸನ್ನು ಕಡ್ಡಿಯಲ್ಲಿ ತಿನ್ನಬಲ್ಲ ಹುಡುಗ ಮುದ್ದೆಯನ್ನು ನುಂಗಲಾರ. ತನ್ನ ನಾಡಿನ ಅರ್ಧಭಾಗದ ಜನ ಏನನ್ನು ಉಂಡು ಬದುಕುತ್ತಾರೆಂಬುದನ್ನು ಅರಿಯದವನು ಆ ನಾಡನ್ನು ತನ್ನದೆಂದು ಹೇಗೆ ಹೇಳಿಯಾನು?

ಧಾನ್ಯಗಳ ಈ ಮೇಲುಕೀಳಿನ ಜಗಳ ಹೊಸತಲ್ಲ. ಕನಕದಾಸರು ತಮ್ಮ ‘ರಾಮಧಾನ್ಯಚರಿತೆ’ಯಲ್ಲಿ ಬತ್ತ ಮತ್ತು ರಾಗಿಗಳು ರಾಮನ ಮುಂದೆಯೇ ವಾದಿಸುವಂತೆ ಮಾಡಿದ್ದಾರೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ಬತ್ತ ಸೊರಗಿರುತ್ತದೆ, ರಾಗಿ ಕೆಡದೆ ನಿಂತಿರುತ್ತದೆ. ರಾಘವನ ಹೆಸರೇ ರಾಗಿಗೆ ಬಂದಿತೆಂದು ಕಥೆ. ಕವಿಯ ನೋಟ ಧಾನ್ಯದ ಮೇಲೆ ಮಾತ್ರ ಇರಲಿಲ್ಲ, ಅದನ್ನು ಉಣ್ಣುವ ಜನರ ಮೇಲೆಯೂ ಇತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರಾಗಿ, ಜೋಳ, ಅಕ್ಕಿ ಎಂಬ ಮೂರು ಧಾನ್ಯಗಳ ಸೀಮೆಯನ್ನು ಬಳಸಿ ಬರುವ ದಾರಿಯೊಂದನ್ನು ಇಲ್ಲಿ ಸೂಚಿಸುತ್ತೇನೆ. ಸುತ್ತಾಟವೂ ಸೇರಿ ಸುಮಾರು 1500 ಕಿಲೋಮೀಟರು. ಅವಧಿ 12 ದಿನ.

ಹನ್ನೆರಡು ದಿನವೆ ಎಂದು ಹುಬ್ಬೇರಿಸಬೇಡಿ. ನಮ್ಮ ಕಾಲೇಜಿನ ಗಣಿತದ ಅಧ್ಯಾಪಕರೊಬ್ಬರು ಇದೇ ದಾರಿಯನ್ನು ಐದು ದಿನಕ್ಕೆ ಹೊಂದಿಸಿ, ನಿಮಿಷ ನಿಮಿಷಕ್ಕೂ ಲೆಕ್ಕ ಹಾಕಿದ ಪಟ್ಟಿಯೊಂದನ್ನು ನನಗೆ ತೋರಿಸಿದರು. ಅವರ ಶ್ರೀಮತಿಯವರು ಪಟ್ಟಿಯನ್ನು ಓದಿ, “ದೇವರ ದರ್ಶನಕ್ಕೆ ಹದಿನೈದು ನಿಮಿಷ, ಊಟಕ್ಕೆ ಇಪ್ಪತ್ತು ನಿಮಿಷ. ಇದು ಪ್ರವಾಸವೋ ಪರೀಕ್ಷೆಯೋ ಅಂದ್ರೆ?” ಎಂದು ಕೇಳಿದರಂತೆ. ಮಿತ್ರರ ಬಳಿ ಉತ್ತರವಿರಲಿಲ್ಲ. ದಿನಕ್ಕೆ 200 ಕಿಲೋಮೀಟರಿಗಿಂತ ಹೆಚ್ಚು ಪಯಣ ಬೇಡ. ಕತ್ತಲಾದ ಮೇಲೆ ಪಯಣವೇ ಬೇಡ. ಆರೇ ದಿನ ಬಿಡುವಿದ್ದರೆ ದಾರಿಯನ್ನು ಅರ್ಧಕ್ಕೆ ನಿಲ್ಲಿಸಿ. ಉಳಿದುದನ್ನು ಮುಂದಿನ ರಜೆಗೆ ಇಟ್ಟುಕೊಳ್ಳಿ. ನಾಡೇನೂ ಎದ್ದು ಹೋಗುವುದಿಲ್ಲ. ಕಾಲ ಮಾತ್ರ ದೀಪಾವಳಿಯಿಂದ ಶಿವರಾತ್ರಿಯವರೆಗಿನದಾಗಿರಲಿ. ಮಳೆ ನಿಂತಿರುತ್ತದೆ, ಬಿಸಿಲು ಬಲಿತಿರುವುದಿಲ್ಲ, ಹೊಲದಲ್ಲಿ ಪೈರಿರುತ್ತದೆ.

ಮೊದಲನೆಯದು ರಾಗಿಯ ಸೀಮೆ. ಬೆಳಗಿನ 6 ಗಂಟೆಗೆ ಬೆಂಗಳೂರನ್ನು ಬಿಟ್ಟರೆ ತುಮಕೂರಿನ ಸಮೀಪದ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಉಪಾಹಾರವಾಗುವುದು. ಅಲ್ಲಿಂದ ಮುಂದೆ ಕೆಂಪು ನೆಲ, ಕರಿಯ ಬಂಡೆ, ತೆಂಗಿನ ತೋಪು. ಸುಮಾರು 200 ಕಿಲೋಮೀಟರು ದೂರದ ಚಿತ್ರದುರ್ಗವನ್ನು ಮಧ್ಯಾಹ್ನದೊಳಗೆ ಸೇರಬಹುದು. ಊಟಕ್ಕೆ ಮುದ್ದೆ, ಸೊಪ್ಪಿನ ಸಾರು. ಮುದ್ದೆಯನ್ನು ಅಗಿಯಬಾರದೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ; ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದೇ ಅದರ ಕ್ರಮ. ಬಿಸಿಲಿಳಿದ ಮೇಲೆ ಏಳು ಸುತ್ತಿನ ಕೋಟೆಯನ್ನು ಹತ್ತಿರಿ. ಓಬವ್ವನ ಕಿಂಡಿಯನ್ನು ಎಲ್ಲರೂ ನೋಡುತ್ತಾರೆ. ಅಕ್ಕತಂಗಿಯರ ಹೊಂಡವನ್ನೂ ಗೋಪಾಲಸ್ವಾಮಿ ಹೊಂಡವನ್ನೂ ನಿಂತು ನೋಡುವವರು ಕಡಮೆ. ಬೋಳು ಬಂಡೆಗಳ ಮೇಲೆ ಬಿದ್ದ ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಆ ದುರ್ಗ ಬದುಕಿತು. ನೀರು ಕಡಮೆಯಾದ ನಾಡಿಗೆ ರಾಗಿಯೇ ತಕ್ಕ ಬೆಳೆ. ಅಲ್ಪ ಮಳೆಗೂ ಅದು ಕೈಬಿಡದು. ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು. ರಾಮನ ಸೆರೆಮನೆಯಲ್ಲಿ ರಾಗಿ ಗೆದ್ದ ಗುಟ್ಟು ಇದೇ.

ಮರುದಿನ ಹೊಸಪೇಟೆಗೆ ಸುಮಾರು 140 ಕಿಲೋಮೀಟರು. ಹಂಪಿಗೆ ಒಂದು ಪೂರ್ಣ ದಿನವಾದರೂ ಬೇಕು. ಬೆಳಗಿನ ತಂಪಿನಲ್ಲಿ ವಿಠ್ಠಲ ದೇವಾಲಯ, ಹೊತ್ತೇರಿದ ಮೇಲೆ ವಿರೂಪಾಕ್ಷನ ಗುಡಿಯ ನೆರಳು, ಸಂಜೆ ತುಂಗಭದ್ರೆಯ ದಡ ಎಂದು ಹಂಚಿಕೊಂಡರೆ ಹಿರಿಯರಿಗೂ ಆಯಾಸವಾಗದು. ವಿಠ್ಠಲ ದೇವಾಲಯದ ಕಲ್ಲಿನ ರಥದ ಬಳಿ ನಿಂತು, ಅದೇ ಚಿತ್ರವಿರುವ ಐವತ್ತು ರೂಪಾಯಿಯ ನೋಟನ್ನು ಮಕ್ಕಳ ಕೈಗೆ ಕೊಟ್ಟು ನೋಡಿ. ಇತಿಹಾಸದ ಪಾಠ ತಾನಾಗಿಯೇ ಆರಂಭವಾಗುವುದು. 1565ರ ಯುದ್ಧದಲ್ಲಿ ಸೋತ ಬಳಿಕ ಈ ರಾಜಧಾನಿ ಹಾಳಾಯಿತು. ಆದರೆ ಹೊಲಗಳು ಹಾಳಾಗಲಿಲ್ಲ. 1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಿಂದ ಹೊಳೆಯಾಚೆಯ ಗಂಗಾವತಿಯ ಸೀಮೆ ಬತ್ತದ ಕಣಜವಾಗಿದೆ. ಒಣನಾಡಿನ ನಡುವೆ ಹಸಿರು ಗದ್ದೆಯನ್ನು ಕಂಡು ಅಚ್ಚರಿಪಡಬೇಡಿ. ಧಾನ್ಯದ ಗಡಿಯನ್ನು ಮಳೆಯಂತೆ ಕಾಲುವೆಯೂ ಬರೆಯುತ್ತದೆ.

ಹೊಸಪೇಟೆಯಿಂದ ಕುಷ್ಟಗಿಯ ಮಾರ್ಗವಾಗಿ ಬಾದಾಮಿಯತ್ತ ತಿರುಗಿದಾಗ ನೆಲದ ಬಣ್ಣ ಬದಲಾಗುವುದನ್ನು ಗಮನಿಸಿರಿ. ಇದು ಕರಿಯ ಎರೆಮಣ್ಣಿನ, ಬಿಳಿಜೋಳದ ಸೀಮೆ. ಮಳೆಗಾಲ ಮುಗಿದ ಮೇಲೆ, ಎರೆಮಣ್ಣು ತನ್ನೊಳಗೆ ಹಿಡಿದಿಟ್ಟುಕೊಂಡ ತೇವವನ್ನೇ ನಂಬಿ ಹಿಂಗಾರಿ ಜೋಳ ಬೆಳೆಯುತ್ತದೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಹೋದವರು ಪುಣ್ಯವಂತರು. ಅಂದು ರೈತರ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಪೈರಿನ ನಡುವೆಯೇ ಉಣ್ಣುತ್ತಾರೆ.

ದಾರಿಯಲ್ಲಿ ಇಳಕಲ್ಲಿನ ಸೀರೆ ಸಿಗುವುದು, ಅಮೀನಗಡದ ಕರದಂಟು ಸಿಗುವುದು. ಸೀರೆಗೆ ಎಷ್ಟು ಹೊತ್ತು ಬೇಕಾದೀತೆಂದು ನಾನು ಹೇಳಲಾರೆ. ಕರದಂಟಿಗೆ ಹತ್ತು ನಿಮಿಷ ಸಾಕು. ಐಹೊಳೆಯ ಮೇಗುತಿ ಗುಡ್ಡವನ್ನು ಹತ್ತಿದರೆ 634ರಲ್ಲಿ ರವಿಕೀರ್ತಿ ಬರೆಯಿಸಿದ ಶಾಸನವಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಪತಿಯು ಕಂಚಿಯನ್ನು ಗೆದ್ದುದರ ನೆನಪು ಅದು. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಗುಹೆಗಳನ್ನು ನೋಡಿ ತೃಪ್ತರಾಗಿ ಹಿಂದಿರುಗುವವರಿಗೆ ಒಂದು ಮಾತು: ಕೆರೆಯಾಚೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಅದನ್ನು ನೋಡದೆ ಬರಬೇಡಿ. ಕನ್ನಡದ ತ್ರಿಪದಿಗೆ ದೊರೆತಿರುವ ಅತಿ ಹಳೆಯ ಸಾಕ್ಷಿ ಅದು. ಬೀಸುವ ಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡುತ್ತಿದ್ದುದು ಅದೇ ತ್ರಿಪದಿಯನ್ನು. ಅವರು ಬೀಸುತ್ತಿದ್ದುದು ಇದೇ ಜೋಳವನ್ನು.

ಊಟಕ್ಕೆ ದೊಡ್ಡ ಹೋಟೆಲನ್ನು ಹುಡುಕದೆ ಖಾನಾವಳಿಯನ್ನು ಕೇಳಿಕೊಂಡು ಹೋಗಿ. ಮಧ್ಯಾಹ್ನ 1 ಗಂಟೆಗೆ ಹೋಗುವುದು ಮೇಲು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದರೆ ನಿಶ್ಚಿಂತೆಯಿಂದ ಕುಳಿತುಕೊಳ್ಳಿ. ಬಿಸಿ ರೊಟ್ಟಿ, ಬದನೆಯ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ದಕ್ಷಿಣದಲ್ಲಿ ನಾವು ‘ಬಡಿಸುತ್ತೇವೆ’, ಅಲ್ಲಿಯವರು ‘ನೀಡುತ್ತಾರೆ’. “ಇನ್ನೊಂದ್ ರೊಟ್ಟಿ ನೀಡ್ಲೇನ್ರಿ?” ಎಂದು ಕೇಳುವ ಆ ತಾಯಿಯ ಮಾತಿನಲ್ಲಿ ದಾನದ ಅರ್ಥವೂ ಉಪಚಾರದ ಅರ್ಥವೂ ಒಂದಾಗಿವೆ. ಬಾದಾಮಿಗೆ ಹತ್ತಿರದ ಬನಶಂಕರಿಯಲ್ಲಿ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಕುಡಿಕೆಯಲ್ಲಿ ಮೊಸರು ತಂದು ಮಾರುತ್ತಾರೆ. ಹೊಂಡದ ಬಳಿಯ ನೆರಳಿನಲ್ಲಿ ಕುಳಿತು ಉಣ್ಣಬಹುದು. ಮುಂದಿನ ದಾರಿಗೆಂದು ಖಡಕ್ ರೊಟ್ಟಿಯ ಒಂದು ಕಟ್ಟನ್ನು ಕೊಂಡುಕೊಳ್ಳಿ. ವಾರಗಟ್ಟಲೆ ಕೆಡದ ಈ ರೊಟ್ಟಿಯಿದ್ದರೆ ಮನೆಯಿಂದ ಡಬ್ಬಿಗಳನ್ನು ಹೊರುವ ಅಗತ್ಯವೇ ಇಲ್ಲ.

ಅಲ್ಲಿಂದ ಧಾರವಾಡಕ್ಕೆ ಒಂದು ದಿನ. ಪೇಡೆಯ ವಿಷಯ ಎಲ್ಲರಿಗೂ ತಿಳಿದದ್ದು. ಸಂಜೆಗೆ ಗಿರ್ಮಿಟ್ಟು, ಮಿರ್ಚಿಯನ್ನೂ ಮರೆಯಬೇಡಿ. ಮರುದಿನ ಹುಬ್ಬಳ್ಳಿ, ಹಾವೇರಿಗಳನ್ನು ದಾಟಿ, ಹೆದ್ದಾರಿಯನ್ನು ಬಿಟ್ಟು ಕಾಗಿನೆಲೆಗೆ ಹೋಗಿ ಬರಬೇಕು. ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ಸೀಮೆ ಅದು. ನಮ್ಮ ಈ ಪಯಣಕ್ಕೆ ದಾರಿ ತೋರಿದ ಕವಿ ಕನಕದಾಸರು ನಂಬಿ ಹಾಡಿದ ಆದಿಕೇಶವನ ಊರೂ ಅದೇ. ಅಲ್ಲಿಂದ ಹಾನಗಲ್ಲಿನ ಕಡೆಗೆ ಸಾಗುತ್ತಿದ್ದಂತೆ ಜೋಳ ಹಿಂದೆ ಸರಿದು ಬತ್ತದ ಗದ್ದೆಗಳು ಎದುರುಗೊಳ್ಳುತ್ತವೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ ಕೆತ್ತಿದ ಕಮಲವನ್ನು ತಲೆಯೆತ್ತಿ ನೋಡಿ, ಸಂಜೆಗೆ ಶಿರಸಿಯನ್ನು ಸೇರಿ.

ಶಿರಸಿಯಲ್ಲಿ ಒಂದು ದಿನ ತಂಗುವುದು ಲೇಸು. ಪಂಪನು ಮನದುಂಬಿ ಹೊಗಳಿದ ಬನವಾಸಿ ಇಲ್ಲಿಗೆ ಹತ್ತಿರ. ಮಧುಕೇಶ್ವರನ ಗುಡಿಯ ಅಂಗಳದಲ್ಲಿ ಅರ್ಧ ದಿನ ಕಳೆದರೂ ಬೇಸರವಾಗದು. ಇಲ್ಲಿಂದ ಅಕ್ಕಿಯ ರಾಜ್ಯ. ಅನ್ನಕ್ಕೆ ತಂಬುಳಿ, ಮಾವಿನ ಅಪ್ಪೆಹುಳಿ, ಸಿಹಿಗೆ ತೊಡೆದೇವು. ಅಕ್ಕಿಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ಕಲಸಿ, ಮಗುಚಿಟ್ಟ ಕಾದ ಮಡಕೆಯ ಮೇಲೆ ತೆಳ್ಳಗೆ ಬಳಿದು, ಕಾಗದದಂತೆ ಎಬ್ಬಿಸಿ ಮಡಿಸುವ ಆ ಕೈಚಳಕವನ್ನು ನೋಡುವುದೇ ಒಂದು ಸೊಗಸು.

ಘಟ್ಟವಿಳಿದು ಕುಮಟೆಯನ್ನು ಸೇರಿದರೆ ಕಡಲು. ಅಲ್ಲಿಂದ ಉಡುಪಿಗೆ ಸುಮಾರು 140 ಕಿಲೋಮೀಟರು. ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ನಮ್ಮ ರಸ್ತೆ. ಕಾರಿನಿಂದ ಇಳಿಯದೆ ಮುಂದೆ ಹೋಗಲು ಮನಸ್ಸಾಗದು. ಕರಾವಳಿಯಲ್ಲಿ ಒಂದೇ ಅಕ್ಕಿ ಎಷ್ಟು ರೂಪಗಳನ್ನು ತಾಳುತ್ತದೆಂಬುದನ್ನು ಎಣಿಸುವ ಆಟವನ್ನು ಮಕ್ಕಳಿಗೆ ಕೊಡಿ. ಕುಚ್ಚಲಕ್ಕಿಯ ಗಂಜಿ, ನೀರುದೋಸೆ, ಹಲಸಿನೆಲೆಯ ಕೊಟ್ಟೆಕಡುಬು, ಮುಂಡುಕದ ಎಲೆಯ ಮೂಡೆ, ಕೆಸುವಿನೆಲೆಯ ಪತ್ರೊಡೆ. ಮಾಂಸಾಹಾರಿಗಳಿಗೆ ಕೋರಿರೊಟ್ಟಿ, ಅನ್ನದೊಡನೆ ಬಂಗುಡೆಯ ಸಾರು. ಉಡುಪಿಯಲ್ಲಿ ಕನಕನ ಕಿಂಡಿಯ ಮುಂದೆ ನಿಂತಾಗ, ರಾಗಿಯ ಪಕ್ಷವನ್ನು ವಹಿಸಿದ ಕವಿ ಅಕ್ಕಿಯ ನಾಡಿಗೆ ಬಂದು ನಿಂತ ಸ್ಥಳ ಇದೆಂಬುದನ್ನು ಮಕ್ಕಳಿಗೆ ನೆನಪಿಸಿ. ಒಳಗೆ ಬಿಡದಿದ್ದಾಗ ದೇವರೇ ಇತ್ತ ತಿರುಗಿದನೆಂಬ ಐತಿಹ್ಯವನ್ನು ಅವರು ಹಾಗೆ ಕೇಳಿದರೆ ಬೇಗ ಮರೆಯಲಾರರು.

ಹಿಂದಿರುಗುವ ದಾರಿ ಕಾರ್ಕಳ, ಮೂಡಬಿದಿರೆಗಳದು. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನೂ ಸಾವಿರ ಕಂಬದ ಬಸದಿಯನ್ನೂ ಕಂಡು, ಹಗಲಿರುವಾಗಲೇ ಚಾರ್ಮಾಡಿ ಘಟ್ಟವನ್ನು ಹತ್ತಿ ಬೇಲೂರನ್ನು ಸೇರಬೇಕು. ಮಲೆನಾಡಿನ ಅಕ್ಕಿರೊಟ್ಟಿಯೊಡನೆ ಅಕ್ಕಿಯ ಸೀಮೆ ಮುಗಿಯುತ್ತದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಿಸಿದ ಚೆನ್ನಕೇಶವನನ್ನೂ ಮರುದಿನ ಹಳೇಬೀಡನ್ನೂ ನೋಡಿಕೊಂಡು ಹಾಸನಕ್ಕೆ ಬಂದರೆ, ಊಟದ ತಟ್ಟೆಗೆ ಮುದ್ದೆ ಮರಳಿರುತ್ತದೆ. ಅಲ್ಲಿಂದ ಮನೆಗೆ ಅರ್ಧ ದಿನದ ದಾರಿ.

ಇನ್ನು ಕೆಲವು ಸಣ್ಣ ಸೂಚನೆಗಳು. ಘಟ್ಟದ ರಸ್ತೆಗಳು ದುರಸ್ತಿಗಾಗಿಯೋ ಭೂಕುಸಿತದಿಂದಲೋ ಮುಚ್ಚುವುದುಂಟು; ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಕೈಫೋನಿನ ನಕ್ಷೆ ದಾರಿಯನ್ನು ಹೇಳೀತು, ಒಳ್ಳೆಯ ಊಟವನ್ನು ಹೇಳಲಾರದು. ಅದನ್ನು ಊರಿನ ಅಂಗಡಿಯವರನ್ನೋ ಶಾಲೆಯ ಮೇಷ್ಟರನ್ನೋ ಕೇಳಬೇಕು. ಬಾದಾಮಿಯಲ್ಲಿ ಕೋತಿಗಳ ಕಾಟವಿದೆ, ಕೈಯಲ್ಲಿ ತಿಂಡಿಯ ಪೊಟ್ಟಣ ಬೇಡ. ಮನೆಯಲ್ಲಿ ವಯಸ್ಸಾದ ತಂದೆತಾಯಿಗಳಿದ್ದರೆ ಅವರನ್ನು ಬಿಟ್ಟು ಹೋಗಬೇಡಿ. ಎಲ್ಲ ಮೆಟ್ಟಿಲುಗಳನ್ನೂ ಅವರು ಹತ್ತಲಾರರು, ನಿಜ. ಆದರೆ ಹೊಲದಲ್ಲಿರುವುದು ಯಾವ ಪೈರೆಂದು ಮೊಮ್ಮಕ್ಕಳಿಗೆ ಹೇಳಿಕೊಡಬಲ್ಲವರು ಅವರೇ. ಅಡುಗೆಯ ಡಬ್ಬಿಗಳನ್ನು ಕಟ್ಟುವ ಆ ಮೂರು ದಿನಗಳನ್ನು ಮನೆಯಾಕೆಗೆ ವಿಶ್ರಾಂತಿಗೆಂದು ಬಿಟ್ಟುಕೊಡಿ. ಅವಳಿಗೂ ಅದು ರಜೆಯೇ ಅಲ್ಲವೆ? ಹಿಂದಿರುಗುವಾಗ ಒಂದು ಸೇರು ಜೋಳದ ಹಿಟ್ಟನ್ನೂ ಸ್ವಲ್ಪ ಕುಚ್ಚಲಕ್ಕಿಯನ್ನೂ ತನ್ನಿ. ತಿಂಗಳಿಗೊಂದು ದಿನ ಅವು ಮನೆಯ ಒಲೆಯ ಮೇಲೆ ಬೇಯಲಿ. ರೊಟ್ಟಿ ಮೊದಲ ಸಲ ಹರಿದರೆ ಚಿಂತೆಯಿಲ್ಲ. ಹರಿದ ರೊಟ್ಟಿಗೂ ರುಚಿ ಅದೇ.