ಹುಣಸೂರು ಉಪವಿಭಾಗವನ್ನು ಕಾಣದ ಆಡಳಿತಶಾಸ್ತ್ರ

ವಿದ್ಯಾರ್ಥಿಗಳ ಸಂಖ್ಯೆ ಇಳಿಮುಖವಾಗಿರುವ ವಿಷಯಗಳಿಗೆಲ್ಲ ಬೀಗ ಜಡಿದು, 'ಉದ್ಯೋಗ ಕೊಡುವ' ವಿದ್ಯೆಗಳಿಗೆ ಮಾತ್ರ ಕೊಠಡಿಯನ್ನೂ ಉಪನ್ಯಾಸಕರನ್ನೂ ಒದಗಿಸಬೇಕೆಂದು ಉಪದೇಶಿಸುವ ಮಹಾಶಯರ ದೃಷ್ಟಿ ಈಗ ಸಾರ್ವಜನಿಕ ಆಡಳಿತವೆಂಬ ವಿಷಯದ ಮೇಲೆ ಬಿದ್ದಿರುವಂತೆ ತೋರುತ್ತದೆ. ಅದು ಕೆ.ಎ.ಎಸ್. ಪರೀಕ್ಷೆಗೆ ಕೂರುವವರ ಸಾಮಗ್ರಿಯಂತೆ. ಕೋಚಿಂಗ್ ಸೆಂಟರುಗಳು ಅದನ್ನು ಮೂರೇ ತಿಂಗಳಲ್ಲಿ ಅರೆದು ಕುಡಿಸಬಲ್ಲವಂತೆ. ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರನ ಮಗನಿಗೂ ಹೆಗ್ಗಡದೇವನಕೋಟೆಯ ಆದಿವಾಸಿ ಹಾಡಿಯ ಹುಡುಗಿಗೂ ಪದವಿ ತರಗತಿಯಲ್ಲಿ ಅದನ್ನು ಬೋಧಿಸುವುದು ವ್ಯರ್ಥವಂತೆ. ಯಾವ ಪರೀಕ್ಷೆಯ ಮಾತಿದು? 384 ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ನಡೆದು, ಪ್ರಶ್ನೆಪತ್ರಿಕೆಯ ಕನ್ನಡವನ್ನು ಕಂಡು ಅಭ್ಯರ್ಥಿಗಳು ಬೀದಿಗಿಳಿದ ಮೇಲೆ ಡಿಸೆಂಬರ್ 29ರಂದು ಮರಳಿ ನಡೆದು, ಆಗಲೂ ಅದೇ ದೂರಿಗೆ ಗುರಿಯಾದ ಪರೀಕ್ಷೆಯಲ್ಲವೇ? ತನ್ನ ಪ್ರಶ್ನೆಗಳನ್ನು ನಾಡನುಡಿಯಲ್ಲಿ ನೆಟ್ಟಗೆ ಮುದ್ರಿಸಲಾರದ ಲೋಕಸೇವಾ ಆಯೋಗದ ಹೊಸ್ತಿಲಲ್ಲಿ ಒಂದು ಶಾಸ್ತ್ರದ ಬೆಲೆಯನ್ನು ಕಟ್ಟಹೊರಟವರ ಧೈರ್ಯವನ್ನು ಮೆಚ್ಚಲೇಬೇಕು.

ಈ ಮಹಾಶಯರಿಗೆ ಇಷ್ಟು ಸಲಿಗೆ ದೊರೆತದ್ದು ನಮ್ಮ ವಿಭಾಗಗಳ ಕೃಪೆಯಿಂದ ಎಂಬುದನ್ನೂ ಮುಚ್ಚಿಡುವಂತಿಲ್ಲ. ಮೊದಲ ಸೆಮಿಸ್ಟರಿನ ಮೊದಲ ದಿನವೇ ನಾವು ವಿದ್ಯಾರ್ಥಿಯ ಕೈಗೆ ಕೊಡುವುದು 1887ರ ವುಡ್ರೋ ವಿಲ್ಸನ್ನರ ಪ್ರಬಂಧದ ಸಾರಾಂಶ. ಆಮೇಲೆ ವೆಬರ್, ಟೇಲರ್, ಫಯೋಲ್. ಕಡೆಗೆ ಗ್ಯುಲಿಕ್ಕರ 'ಪೋಸ್ಡ್‌ಕಾರ್ಬ್' ಎಂಬ ಬೀಜಾಕ್ಷರಮಂತ್ರ, ಅದೂ ಉರುಹೊಡೆಯುವುದಕ್ಕೆ. ವಿಲ್ಸನ್ನರು ಲೇಖನಿ ಹಿಡಿಯುವುದಕ್ಕೆ ಆರು ವರ್ಷ ಮೊದಲೇ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರು ಸಂಸ್ಥಾನದ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ, ಪ್ರಜಾಪ್ರತಿನಿಧಿ ಸಭೆಯಲ್ಲಿ ಸರ್ಕಾರದ ಲೆಕ್ಕಪತ್ರಗಳನ್ನು ಅವರ ಮುಂದಿರಿಸಿದ್ದರೆಂಬ ಸಂಗತಿ ಅದೇ ವಿದ್ಯಾರ್ಥಿಗೆ ಇತಿಹಾಸದ ಪುಸ್ತಕದಲ್ಲಿ ಎರಡಂಕದ ಪ್ರಶ್ನೆಯಾಗಿ ಎದುರಾಗುತ್ತದೆ. ವಿಲ್ಸನ್ನರನ್ನು ಬಹಿಷ್ಕರಿಸಬೇಕೆಂದು ನಾನು ಹೇಳುತ್ತಿಲ್ಲ. ಅವರು ಮೂರನೆಯ ಸೆಮಿಸ್ಟರಿನವರೆಗೆ ಕಾದಿರಲಿ.

ಮೊದಲ ಸೆಮಿಸ್ಟರಿಗೆ ಬೇಕಾದ ಪಾಠ ನಮ್ಮ ಬಳಿಯಲ್ಲೇ ಇದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳು ಹುಣಸೂರಿನ ಉಪವಿಭಾಗಾಧಿಕಾರಿಯ ಅಧೀನದಲ್ಲಿ ಒಂದಾಗಿ ಬಂದವು. ಮನುಷ್ಯರನ್ನು ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ನೆಲೆಗೊಳಿಸುವುದಕ್ಕಿಂತ ಕಠಿನವಾದ ಕಾರ್ಯ ಆಡಳಿತಕ್ಕೆ ಇಲ್ಲವಷ್ಟೆ. ಆ ಕಾರ್ಯವು ಈ ನಾಲ್ಕು ತಾಲ್ಲೂಕುಗಳ ಒಳಗೇ ಎಷ್ಟು ಬಗೆಯಲ್ಲಿ ನಡೆದಿದೆಯೆಂಬುದನ್ನು ನೋಡಿ. ಕಾವೇರಿಯ ಪ್ರವಾಹಕ್ಕೆ ಎಡತೊರೆ ಸಿಲುಕಿದಾಗ, 1920ರ ದಶಕದಲ್ಲಿ, ಸಂಸ್ಥಾನದ ಸರ್ಕಾರವು ಎತ್ತರದ ನೆಲದಲ್ಲಿ ನೇರವಾದ, ಅಗಲವಾದ ಬೀದಿಗಳುಳ್ಳ ಹೊಸ ಪಟ್ಟಣವನ್ನೇ ಕಟ್ಟಿ ಅದಕ್ಕೆ ದೊರೆಯ ಹೆಸರಿಟ್ಟಿತು. 1960ರ ದಶಕದ ಆರಂಭದಲ್ಲಿ ಹಿಮಾಲಯದ ಆಚೆಯಿಂದ ನಿರಾಶ್ರಿತರಾಗಿ ಬಂದ ಟಿಬೆಟಿಯನರಿಗೆ ರಾಜ್ಯ ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಬಿಟ್ಟುಕೊಟ್ಟಿತು; ಕೊಟ್ಟದ್ದು ಧರ್ಮವೇ ಹೌದು, ಆ ಕೀರ್ತಿಯಲ್ಲಿ ನಮಗೂ ಪಾಲಿದೆ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡು, ಕೋಟೆ ತಾಲ್ಲೂಕಿನ ಊರುಗಳು ನೀರಿನಡಿ ಸೇರಿದವು. ನಾಲ್ಕನೆಯದಾಗಿ ನಾಗರಹೊಳೆಯ ಕಾಡಿನಿಂದ ಹೊರಹಾಕಲ್ಪಟ್ಟ ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದವರ ಕಥೆ. ಅದರ ಅಂಕಿ 3,418 ಕುಟುಂಬಗಳು.

ಈ ಅಂಕಿಯನ್ನು ಕಂಡುಹಿಡಿದವರು ಯಾರು? ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾಗಿ 2014ರಲ್ಲಿ ವರದಿಯಿತ್ತ ಸಮಿತಿ. ಆ ಸಮಿತಿಯ ಅಧ್ಯಕ್ಷರು ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರದ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿಯವರು! ಎಂದರೆ ಮಾನಸಗಂಗೋತ್ರಿಯ ಅಧ್ಯಾಪಕರೊಬ್ಬರು ಹಾಡಿಗಳನ್ನು ಸುತ್ತಿ, ಸರ್ಕಾರವು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಜನರನ್ನು ಲೆಕ್ಕಕ್ಕೆ ತಂದರು. ಅವರ ವಿಶ್ವವಿದ್ಯಾನಿಲಯದ ಪದವಿ ವಿದ್ಯಾರ್ಥಿಯಾದರೋ ನಿರ್ವಹಣೆಯ ಹದಿನಾಲ್ಕು ತತ್ತ್ವಗಳನ್ನು ಫಯೋಲರ ಹೆಸರಿನಲ್ಲಿ ಒಪ್ಪಿಸಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುತ್ತಾನೆ. 2025ರ ಜನವರಿಯಲ್ಲಿ ಅಸ್ಸಾದಿಯವರು ತೀರಿಕೊಂಡಾಗ ಹೊಗಳಿಕೆಗೇನೂ ಕೊರತೆಯಾಗಲಿಲ್ಲ. 3,418 ಎಂಬ ಅಂಕಿಯನ್ನು ಮಾತ್ರ ಯಾವ ಪದವಿ ತರಗತಿಯ ನೋಟ್ಸಿನಲ್ಲಿಯೂ ನಾನು ಕಂಡಿಲ್ಲ.

ಶಾಸ್ತ್ರವನ್ನು ಬಿಟ್ಟು ಸುದ್ದಿಯನ್ನು ಬೋಧಿಸಬೇಕೇ ಎಂದು ಕೇಳುವ ವಿದ್ವಾಂಸರಿದ್ದಾರೆ. ಅವರು ದಯಮಾಡಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಾಡಿಯ ಒಬ್ಬ ಅಜ್ಜ ಸಲ್ಲಿಸುವ 'ನಮೂನೆ ಎ' ಅರ್ಜಿಯ ಬೆನ್ನುಹತ್ತಿ ಹೋಗಲಿ. ಅದು ಮೊದಲು ಗ್ರಾಮಸಭೆಗೆ ಬರಬೇಕು. ಸಭೆಯ ಅರಣ್ಯ ಹಕ್ಕು ಸಮಿತಿಯವರು ಸ್ಥಳಕ್ಕೆ ಹೋಗಿ ನೋಡಬೇಕು. 2005ರ ಡಿಸೆಂಬರ್ 13ಕ್ಕೆ ಮೊದಲೇ ಅಜ್ಜನು ಆ ನೆಲದಲ್ಲಿದ್ದನೆಂಬುದಕ್ಕೆ ಹಳೆಯ ಗುಡಿಸಿಲ ಕುರುಹು, ಪೂರ್ವಿಕರ ಸಮಾಧಿ, ಹಿರಿಯರ ಹೇಳಿಕೆ ಇವೆಲ್ಲ ಸಾಕ್ಷ್ಯಗಳಾಗಬಹುದೆಂದು ನಿಯಮವೇ ಹೇಳುತ್ತದೆ. ಗ್ರಾಮಸಭೆಯ ನಿರ್ಣಯವು ಹುಣಸೂರಿಗೆ, ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿಗೆ ಹೋಗುತ್ತದೆ. ಅಲ್ಲಿಂದ ಮೈಸೂರಿಗೆ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಗೆ. ಈ ದಾರಿಯಲ್ಲಿ ಟಪಾಲು ವಹಿಯೊಳಗೆ ಹೊಕ್ಕ ಕಡತವು ವಿಷಯ ನಿರ್ವಾಹಕರ ಮೇಜಿನಿಂದ ಶಿರಸ್ತೇದಾರರ ಮೇಜಿಗೆ ಏರಿ, 'ಪರಿಶೀಲಿಸಿ ಮಂಡಿಸಿ' ಎಂಬ ಟಿಪ್ಪಣಿ ಹೊತ್ತು ಇಳಿದು, 'ನಿಯಮಾನುಸಾರ ಕ್ರಮ ಕೈಗೊಳ್ಳಿ' ಎಂಬ ಇನ್ನೊಂದನ್ನು ಹೊತ್ತು ಮತ್ತೆ ಏರುತ್ತಿರುವಾಗ, ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಅಜ್ಜನಿಗೆ ತಿಳಿಸಬೇಕೆಂಬುದಾಗಲಿ, ಮೇಲ್ಮನವಿಗೆ ಅವನಿಗೆ 60 ದಿನಗಳ ಅವಕಾಶವಿದೆಯೆಂಬುದಾಗಲಿ ಯಾರ ನೆನಪಿನಲ್ಲಿರುತ್ತದೆ? ವೆಬರ್ ಮಹಾಶಯರು ಹೇಳಿದ ಅಧಿಕಾರಶ್ರೇಣಿ, ಲಿಖಿತ ದಾಖಲೆ, ನಿಯಮನಿಷ್ಠೆ ಎಲ್ಲವೂ ಈ ಒಂದು ಕಡತದಲ್ಲಿವೆ. ನೋಡಿದವನಿಗೆ ವೆಬರ್ ಅರ್ಥವಾಗುತ್ತಾನೆ. ಉರುಹೊಡೆದವನಿಗೆ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತಾನೆ.

ಹಾಗೆ ನೋಡಿದರೆ ಹುಣಸೂರಿಗೆ ಈ ಪಾಠ ಹೊಸದೇನಲ್ಲ. ಈ ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1974ರ ಭೂಸುಧಾರಣಾ ತಿದ್ದುಪಡಿಯನ್ನು ತಂದು, ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳನ್ನು ಕೂಡಿಸಿ, ಮೊದಮೊದಲು ವಕೀಲರನ್ನು ಅವುಗಳ ಬಾಗಿಲಾಚೆಯೇ ನಿಲ್ಲಿಸಿದಾಗ, ಅಕ್ಷರವರಿಯದ ಗೇಣಿದಾರನು ನಮೂನೆ 7ನ್ನು ಹಿಡಿದು ತನ್ನ ವಾದವನ್ನು ತಾನೇ ಹೇಳಿಕೊಂಡನು. ಇಂದಿನ ಪದವೀಧರನಾದರೋ ಪಹಣಿಯ ಒಂಬತ್ತನೆಯ ಕಲಮನ್ನೂ ಹನ್ನೊಂದನೆಯ ಕಲಮನ್ನೂ ಓದಿಕೊಳ್ಳಲು ನಾಡಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯವನನ್ನು ಆಶ್ರಯಿಸುತ್ತಾನೆ.

ಕಲಿಸುವವರು ಯಾರೆಂಬ ಮಾತೂ ಬರಬೇಕಷ್ಟೆ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಭಾರವನ್ನು ಹೊತ್ತಿರುವವರು ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರು. ಹತ್ತು ಹದಿನೈದು ವರ್ಷ ಪಾಠ ಹೇಳಿದ ಮೇಲೂ 'ಅತಿಥಿ'ಗಳಾಗಿಯೇ ಉಳಿದು, ಗೌರವಧನಕ್ಕಾಗಿ ಧರಣಿ ಕೂರುವ ಇವರು ಹುಡುಗರನ್ನು ಸ್ವಂತ ಖರ್ಚಿನಿಂದ ಹಾಡಿಗೆ ಕರೆದೊಯ್ಯಬೇಕೆಂದು ನಿರೀಕ್ಷಿಸುವುದು ಅನ್ಯಾಯ. ನೌಕರರನ್ನು ಹೀಗೆ ನಡೆಸಿಕೊಳ್ಳುವ ಸರ್ಕಾರವೇ ಸಿಬ್ಬಂದಿ ನಿರ್ವಹಣೆಯೆಂಬ ಅಧ್ಯಾಯವನ್ನು ಪಠ್ಯದಲ್ಲಿಟ್ಟಿರುವುದು ಒಂದು ವಿನೋದ. ಇತ್ತ ಅಧಿಕಾರಿಗಳನ್ನು ತರಬೇತುಗೊಳಿಸುವ ಆಡಳಿತ ತರಬೇತಿ ಸಂಸ್ಥೆಯೂ, ಪಂಚಾಯತಿಯವರನ್ನು ತರಬೇತುಗೊಳಿಸುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯೂ ಮೈಸೂರಿನಲ್ಲೇ ಇವೆ. ಆಳುವವರಿಗೆ ಎರಡು ಸಂಸ್ಥೆ. ಆಳಿಸಿಕೊಳ್ಳುವವರ ಮಕ್ಕಳಿಗೆ ಒಂದು ಗೈಡು.

ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಲಿಯಲ್ಲಿ ನನ್ನ ಬೇಡಿಕೆ ಇಷ್ಟೆ: ಮೊದಲ ಸೆಮಿಸ್ಟರಿನಲ್ಲಿ ಅಸ್ಸಾದಿ ಸಮಿತಿಯ ವರದಿಯನ್ನು ಪಠ್ಯವಾಗಿಡಿ, ಈ ನಾಲ್ಕು ತಾಲ್ಲೂಕುಗಳ ಪ್ರತಿ ವಿದ್ಯಾರ್ಥಿಯೂ ಒಂದು ಗ್ರಾಮಸಭೆಯಲ್ಲಿ ಕೂತು, ಒಂದು ಅರ್ಜಿಯ ಗತಿಯನ್ನು ಕೊನೆಯವರೆಗೆ ಬರೆದು ಒಪ್ಪಿಸಲಿ, ಅಂಕವನ್ನು ಅದಕ್ಕೇ ಕೊಡಿ, ಕರೆದೊಯ್ಯುವ ಉಪನ್ಯಾಸಕರಿಗೆ ಪ್ರಯಾಣದ ವೆಚ್ಚವನ್ನು ಮುಂಗಡವಾಗಿ ಕೊಡಿ. ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿಲೋಮೀಟರು; ಬಸ್ಸುಗಳಿಗೇನೂ ಬರವಿಲ್ಲ.