ಮೇಲೆ ಥಳುಕು, ಒಳಗೆ ಹುಳುಕು

ಈ ಗಾದೆಯನ್ನು ಕಟ್ಟಿದ ಹಿರಿಯರು ಮೋಟಾರು ಕಾರನ್ನು ಕಂಡವರಲ್ಲ. ಆದರೂ ಹೊಸ ಬಣ್ಣ ಬಳಿಸಿಕೊಂಡು ಮಾರಾಟಕ್ಕೆ ನಿಂತ ಹಳೆಯ ಕಾರಿಗೆ ಅದು ಒಪ್ಪುವಷ್ಟು ಬೇರಾವುದಕ್ಕೂ ಒಪ್ಪಲಾರದು.

ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಾಗಲಿ, ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿಗಳಲ್ಲಾಗಲಿ, ರೈತನ ಮನೆಯ ಕಾರು ಬರಿಯ ಸವಾರಿಗೆ ಮೀಸಲಾದುದಲ್ಲ. ಗೊಬ್ಬರದ ಚೀಲವೂ ಅದರಲ್ಲಿಯೇ, ಮದುವೆಯ ದಿಬ್ಬಣವೂ ಅದರಲ್ಲಿಯೇ. ಗದ್ದೆಯ ಕೆಸರು ಮಡ್ಗಾರ್ಡಿನ ಒಳಮೈಗೆ ಮೆತ್ತಿಕೊಂಡು ದಿನಗಟ್ಟಲೆ ತೇವವನ್ನು ಹಿಡಿದಿಡುತ್ತದೆ. ಚೆಲ್ಲಿದ ಗೊಬ್ಬರದ ಲವಣವು ಗಾಳಿಯ ತೇವವನ್ನೂ ಸೆಳೆದುಕೊಳ್ಳುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಬಸಿದುಹೋಗಲೆಂದು ಬಿಟ್ಟ ಕಿಂಡಿಗಳು ಧೂಳಿನಿಂದ ಕಟ್ಟಿಕೊಂಡರಂತೂ ಮಳೆಯ ನೀರು ಒಳಗೇ ನಿಲ್ಲುತ್ತದೆ. ಹೀಗೆ ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಬಣ್ಣದ ಮೇಲೆ ಗುಳ್ಳೆ ಕಾಣಿಸಿಕೊಳ್ಳುವ ವೇಳೆಗೆ ಹೊರಗೆ ಕಾಸಗಲ, ಒಳಗೆ ಅಂಗೈಯಗಲ!

ಇದನ್ನು ಮುಚ್ಚಲು ಎರಡು ಹಾದಿಗಳುಂಟು. ಮೊದಲನೆಯದು ಸುಲಭ. ತೂತಿಗೆ ಕಾಗದವನ್ನೋ ತಂತಿಯ ಜಾಲರಿಯನ್ನೋ ತುರುಕಿ, ಪುಟ್ಟಿ ಮೆತ್ತಿ, ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಹೊಡೆದರೆ ಕೆಲಸ ಮುಗಿಯಿತು. ಆದರೆ ಪುಟ್ಟಿ ತೇವವನ್ನು ಹೀರುವ ಗುಣವುಳ್ಳದ್ದು. ಅದರ ಬೆನ್ನಿಗೆ ತುಕ್ಕು ತನ್ನ ಊಟವನ್ನು ಮುಂದುವರಿಸುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ತೇಪೆಯೇ ಕಳಚಿ ಬೀಳುತ್ತದೆ.

ಎರಡನೆಯ ಹಾದಿಯನ್ನು ಅರಿಯಲು ಕಲಾಯಿಗಾರನ ಕೆಲಸವನ್ನು ನೆನೆದರೆ ಸಾಕು. ನಾಗಮಂಗಲವು ಹಿತ್ತಾಳೆಯ ಕೆಲಸಕ್ಕೆ ಹಿಂದಿನಿಂದಲೂ ಹೆಸರಾದ ಊರು. ಹಿತ್ತಾಳೆಯ ಪಾತ್ರೆಗೆ ತವರ ಹಿಡಿಸುವವನು ಮೊದಲು ಅದನ್ನು ಬೆಳಗಿ, ಕಾಯಿಸಿ, ನವಸಾಗರ ಸವರಿ, ಕಿಲುಬನ್ನೆಲ್ಲ ಕಳೆಯುತ್ತಾನೆ. ಕೊಳೆಯ ಮೇಲೆ ತವರ ಹತ್ತುವುದಿಲ್ಲ. ಕಾರಿನ ತಗಡಿಗೂ ಇದೇ ನ್ಯಾಯ. ಮುಚ್ಚುವ ಮುನ್ನ ತೂತನ್ನು ದೊಡ್ಡದು ಮಾಡಬೇಕು! ಬಲವಾದ, ಹೊಳೆಯುವ ಲೋಹ ಸಿಕ್ಕುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಅಳತೆಗೆ ಕೂರಿಸಬೇಕು. ಈ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳ್ಳಗಿರುವುದರಿಂದ ಒಂದೇ ಸಮನೆ ವೆಲ್ಡ್ ಮಾಡಿದರೆ ಕಾವಿಗೆ ಸೊಟ್ಟಗಾಗುತ್ತದೆ. ಆದಕಾರಣ ದೂರದೂರದಲ್ಲಿ ಒಂದೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಬಳಿಕ ನಡುವಿನ ಎಡೆಯನ್ನು ತುಂಬಬೇಕು. ಬೆಸುಗೆಯನ್ನು ಅರೆದು ಮಟ್ಟಮಾಡಿ, ಎರಡೂ ಮೈಗೆ ತುಕ್ಕು ತಡೆಯುವ ಪ್ರೈಮರ್ ಕೊಡಬೇಕು. ಪುಟ್ಟಿಯ ಸರದಿ ಬರುವುದು ಆಮೇಲೆ. ಅದೂ ಹೆಚ್ಚೆಂದರೆ ಮೂರು ಮಿಲಿಮೀಟರ್. ಪುಟ್ಟಿ ಇರುವುದು ತಗ್ಗನ್ನು ಸಮಮಾಡಲು, ಇಲ್ಲದ ಲೋಹದ ಸ್ಥಾನವನ್ನು ತುಂಬಲು ಅಲ್ಲ.

ಕಬ್ಬಿನ ನಾಡಿಗೆ ಒಪ್ಪುವ ಉಪಾಯವೊಂದೂ ಇದೆ. ಬಿಚ್ಚಿ ತೆಗೆಯಬಹುದಾದ ಚಿಕ್ಕ ಕಬ್ಬಿಣದ ಭಾಗಗಳನ್ನು, ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ಬಿಟ್ಟುಕೊಳ್ಳುತ್ತದೆ. ಆದರೆ ತುಕ್ಕು ತಿಂದುಹಾಕಿದ ಕಬ್ಬಿಣವನ್ನು ಕಾಕಂಬಿಯೂ ಮರಳಿ ಕೊಡಲಾರದು.

ಮಡ್ಗಾರ್ಡಿನ ತೂತು ಅಂದವನ್ನು ಕೆಡಿಸುತ್ತದೆ, ಅಷ್ಟೆ. ಕಾರಿನ ನೆಲ, ಬಾಗಿಲ ಕೆಳಗಿನ ಹೊಸ್ತಿಲು, ಸೀಟ್ ಬೆಲ್ಟನ್ನು ಬಿಗಿದ ತಾಣ, ಇಲ್ಲಿನ ತೂತು ಪ್ರಾಣಕ್ಕೇ ಸಂಚಕಾರ. ಅಪಘಾತದ ಹೊತ್ತಿನಲ್ಲಿ ಮಕ್ಕಳ ಭಾರವನ್ನು ತಡೆಯಬೇಕಾದುದು ಉಕ್ಕು. ಅಲ್ಲಿ ಉಕ್ಕಿನ ಬದಲು ಬಣ್ಣ ಬಳಿದ ಪುಟ್ಟಿಯಿದ್ದರೆ ಗತಿಯೇನು? ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಗಳ ಬಳಿಕ ನವೀಕರಣವಾಗುವಾಗ ವಾಹನದ ತಪಾಸಣೆಯಾಗುವುದು ದಿಟ. ಆದರೆ ಬಣ್ಣದ ಹಿಂದೆ ಅಡಗಿದುದೆಲ್ಲವೂ ಪರೀಕ್ಷಕನ ಕಣ್ಣಿಗೆ ಬಿದ್ದೀತೆಂಬ ಭರವಸೆಯಿಲ್ಲ.

ಹಳೆಯ ಕಾರು ಕೊಳ್ಳುವವರು ತೆಳು ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ. ಉಕ್ಕಿನ ಮೇಲೆ ಅದು ಕಚ್ಚಿ ನಿಲ್ಲುವುದು. ದಪ್ಪ ಪುಟ್ಟಿಯ ಮೇಲೆ ಜಾರುವುದು. ಕಾರನ್ನು ದುರಸ್ತಿಗೆ ಬಿಟ್ಟವರು ಬಣ್ಣಕ್ಕೆ ಮುನ್ನ ಒಮ್ಮೆ ಗ್ಯಾರೇಜಿಗೆ ಹೋಗಿ ತೇಪೆಯನ್ನು ಒಳಗಿನಿಂದಲೂ ಹೊರಗಿನಿಂದಲೂ ನೋಡಿ ಬರಲಿ. ಟಿಂಕರಿಂಗ್ ಕೆಲಸದ ನಿಜವಾದ ಕುಶಲಿ ಇದಕ್ಕೆ ಬೇಸರಪಡುವುದಿಲ್ಲ. ಬಣ್ಣ ಬಿದ್ದ ಮೇಲೆ ತನ್ನ ದುಡಿಮೆ ಯಾರ ಕಣ್ಣಿಗೂ ಕಾಣದೆಂಬುದನ್ನು ಬಲ್ಲ ಅವನು, ಅದನ್ನು ನೋಡುವವರೊಬ್ಬರು ಬಂದರೆಂದು ಸಂತೋಷವನ್ನೇ ಪಟ್ಟಾನು.