ಕೋಟೆ ಗಟ್ಟಿಯಿದ್ದರೆ ಸಾಲದು, ಕಿಂಡಿಗೂ ಕಾವಲು ಬೇಕು

ಚಿತ್ರದುರ್ಗದ ಏಳುಸುತ್ತಿನ ಕೋಟೆಯೊಳಕ್ಕೆ ನುಸುಳಲು ಹೈದರಾಲಿಯ ಸೈನಿಕರು ಆರಿಸಿಕೊಂಡದ್ದು ಹೆಬ್ಬಾಗಿಲನ್ನಲ್ಲ. ಒಬ್ಬೊಬ್ಬರೇ ತೂರಬಹುದಾದ ಒಂದು ಕಿಂಡಿಯನ್ನು. ಅಲ್ಲಿ ಅವರನ್ನು ತಡೆದವಳು ಕಾವಲುಗಾರನ ಹೆಂಡತಿ ಓಬವ್ವ. ಅವಳ ಕೈಯಲ್ಲಿದ್ದುದು ಮನೆಯ ಒನಕೆ. ಗಣಕಯಂತ್ರದ ಭದ್ರತೆಯನ್ನು ಅಭ್ಯಸಿಸಹೊರಟ ಕನ್ನಡದ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮವಾದ ಪೀಠಿಕೆ ಬೇರೊಂದಿಲ್ಲ.

ಉದರನಿಮಿತ್ತವಾಗಿ ಊರು ಬಿಟ್ಟು ಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರು, ದಿನವೂ ಲೋಕಲ್ ಗಾಡಿಯ ನೂಕುನುಗ್ಗಲನ್ನು ಸಹಿಸಿ ಕೂಡಿಟ್ಟ ಹಣವೆಲ್ಲ ಇಂದು ಅಂಗೈಯಗಲದ ಮೊಬೈಲಿನ ಹಿಂದೆ ಅಡಗಿದೆ. ಅದನ್ನು ಕಾಯುವ ವಿದ್ಯೆ ಎಂಜಿನಿಯರರಿಗೆ ಮಾತ್ರ ಸೇರಿದ್ದೆಂಬ ಭಾವನೆ ಬಲವಾಗಿದೆ. ಈ ಭಾವನೆಯೇ ಅಪಾಯಕ್ಕೆ ಮೂಲ.

ಗೂಢಲಿಪಿಯು ಹೊಸ ವಿದ್ಯೆಯೇನೂ ಅಲ್ಲ. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ‘ಮ್ಲೇಚ್ಛಿತ ವಿಕಲ್ಪ’ವೆಂಬ ಗುಪ್ತಭಾಷೆಯೂ ಒಂದು. ರೋಮಿನ ಜೂಲಿಯಸ್ ಸೀಜರನು ಪ್ರತಿ ಅಕ್ಷರದ ಬದಲು ಅದರ ಮುಂದಿನ ಮೂರನೆಯ ಅಕ್ಷರವನ್ನು ಬರೆಯುತ್ತಿದ್ದನು. ಕನ್ನಡದ ವ್ಯಂಜನಗಳನ್ನು ಹೀಗೆಯೇ ಒಂದು ಸ್ಥಾನ ಮುಂದೆ ಸರಿಸಿದರೆ ‘ಠಾಣೆ’ಯು ‘ಡಾತೆ’ಯಾಗುತ್ತದೆ, ‘ಕಲ್ಯಾಣ’ವು ‘ಖವ್ರಾತ’ವಾಗುತ್ತದೆ. ಇಲ್ಲಿ ಅಕ್ಷರ ಸರಿಸುವುದು ಬೀಗದ ರಚನೆ. ‘ಒಂದು’ ಎಂಬ ಸಂಖ್ಯೆ ಕೀಲಿಕೈ. ವ್ಯಂಜನಗಳು 34, ಆದುದರಿಂದ 33 ಬಾರಿ ಯತ್ನಿಸುವಷ್ಟರಲ್ಲಿ ಶಾಲಾಬಾಲಕನೂ ಗುಟ್ಟನ್ನು ಬಯಲಿಗೆಳೆಯಬಲ್ಲನು. ಇಂದು ಬಳಕೆಯಲ್ಲಿರುವ ಎ.ಇ.ಎಸ್. ಪದ್ಧತಿಯ 128 ಬಿಟ್ಟುಗಳ ಕೀಲಿಕೈಗಾದರೋ ಸಾಧ್ಯತೆಗಳ ಸಂಖ್ಯೆಯೇ 39 ಅಂಕಿಗಳಷ್ಟು ಉದ್ದವಾಗಿದೆ.

ಬೀಗದ ರಚನೆ ಜಗತ್ತಿಗೆಲ್ಲ ತಿಳಿದಿದ್ದರೂ ಚಿಂತೆಯಿಲ್ಲ, ಕೀಲಿಕೈ ಮಾತ್ರ ಗುಟ್ಟಾಗಿರಬೇಕು ಎಂಬ ಸೂತ್ರವನ್ನು ಕೆರ್ಕಾಫ್ಸ್ ಎಂಬ ವಿದ್ವಾಂಸನು 1883ರಲ್ಲಿಯೇ ಸಾರಿದ್ದನು. ಆದರೆ ದೂರದಲ್ಲಿರುವವನಿಗೆ ಆ ಕೀಲಿಕೈಯನ್ನು ತಲುಪಿಸುವ ಬಗೆ ಹೇಗೆ? 1976ರಲ್ಲಿ ಡಿಫಿ ಮತ್ತು ಹೆಲ್‌ಮನ್, 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಇದಕ್ಕೆ ಉಪಾಯ ಕಂಡುಹಿಡಿದರು. ಅದು ಬೀದಿಯ ಅಂಚೆ ಪೆಟ್ಟಿಗೆಯಂತೆ: ಕಾಗದ ಹಾಕಲು ಯಾರಿಗೂ ಅಡ್ಡಿಯಿಲ್ಲ, ತೆರೆಯಲು ಮಾತ್ರ ಒಬ್ಬನಲ್ಲೇ ಇರುವ ಕೀಲಿಕೈ ಬೇಕು. 61ನ್ನು 53ರಿಂದ ಗುಣಿಸಿ 3233 ಎನ್ನುವುದು ಸುಲಭ. 3233ನ್ನು ಕೊಟ್ಟು ಅದರ ಅಪವರ್ತನಗಳನ್ನು ಕೇಳಿದರೆ ಕಷ್ಟ. ನೂರಾರು ಅಂಕಿಗಳ ಸಂಖ್ಯೆಯಾದರೆ ಇಂದಿನ ಯಂತ್ರಗಳೂ ಸೋಲುತ್ತವೆ. ಮೂವರ ಪದ್ಧತಿಯ ಬಲವೆಲ್ಲ ಈ ಕಷ್ಟದಲ್ಲಿಯೇ ಇದೆ.

ಇನ್ನೊಂದು ತತ್ತ್ವವನ್ನು ವಿದ್ಯಾರ್ಥಿಯು ಮರೆಯಲಾಗದು. ಸರಿಯಾಗಿ ಕಟ್ಟಿದ ವ್ಯವಸ್ಥೆಯು ಗ್ರಾಹಕನ ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳುವುದಿಲ್ಲ; ಅದರಿಂದ ಪಡೆದ ಗಣಿತದ ಮುದ್ರೆಯೊಂದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮುದ್ರೆಯಿಂದ ಮೂಲಕ್ಕೆ ಮರಳುವ ದಾರಿಯಿಲ್ಲ. ಗುಟ್ಟನ್ನು ತಿಳಿಯದಿರುವುದೇ ಪ್ರಾಮಾಣಿಕ ವ್ಯವಸ್ಥೆಯ ಲಕ್ಷಣವಾದುದರಿಂದ, ಅದನ್ನು ದೂರವಾಣಿಯಲ್ಲಿ ಕೇಳುವವನು ಬ್ಯಾಂಕಿನವನಾಗಿರಲಾರನು.

ಹೀಗೆ ಕೋಟೆ ಗಟ್ಟಿಯಾಗಿದೆ. ಶತ್ರು ಬರುವುದು ಕಿಂಡಿಯಿಂದ. 2016ರ ಅಕ್ಟೋಬರಿನಲ್ಲಿ ಠಾಣೆಯ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದರು. ಅಮೆರಿಕದ ತೆರಿಗೆ ಅಧಿಕಾರಿಗಳೆಂದು ಹೇಳಿಕೊಂಡು, ಬಂಧನದ ಬೆದರಿಕೆಯೊಡ್ಡಿ, ಅಲ್ಲಿಯ ಜನರಿಂದ ಹಣ ಕೀಳಲಾಗುತ್ತಿತ್ತು. ಯಾವ ಗೂಢಲಿಪಿಯನ್ನೂ ಅವರು ಭೇದಿಸಲಿಲ್ಲ. ಭೇದಿಸಿದ್ದು ಮನುಷ್ಯನ ಧೈರ್ಯವನ್ನು. ಆ ಕುರ್ಚಿಗಳಲ್ಲಿ ಕುಳಿತಿದ್ದವರು ಬಹುತೇಕ ತರುಣ ತರುಣಿಯರೆಂಬುದು ವಿದ್ಯಾರ್ಥಿಗಳಿಗೆ ಎಚ್ಚರಿಕೆಯ ಗಂಟೆ. ಅದೇ ಬಗೆಯ ಬೆದರಿಕೆ ಇಂದು ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನಲ್ಲಿ ಇಲ್ಲಿಯ ಹಿರಿಯರನ್ನೇ ಕಾಡುತ್ತಿದೆ. ಅಂತಹ ಬಂಧನವು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ.

ಯಂತ್ರಗಳಿಗೂ ಸೋಂಕು ತಗಲುವುದುಂಟು. 2017ರ ಜೂನಿನಲ್ಲಿ ಜಗತ್ತನ್ನೆಲ್ಲ ಸುತ್ತಿದ ವೈರಸ್ಸೊಂದು ನವಿಮುಂಬಯಿಗೆ ಹೊಂದಿಕೊಂಡ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್ಲಿನ ಕೆಲಸವನ್ನು ನಿಲ್ಲಿಸಿತು. ಅದು ಹರಡಲು ಬಳಸಿಕೊಂಡ ದೋಷವೊಂದಕ್ಕೆ ತಿದ್ದುಪಡಿಯು ಆ ವರ್ಷದ ಮಾರ್ಚಿನಲ್ಲಿಯೇ ಹೊರಬಂದಿತ್ತು. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯು ಇಂತಹ ದಾಳಿಗೆ ಸಿಲುಕಿ, ರೋಗಿಗಳ ದಾಖಲೆಯನ್ನು ಹಲವು ದಿನ ಕೈಯಿಂದಲೇ ಬರೆಯಬೇಕಾಯಿತು.

ಆರೋಗ್ಯಕ್ಕೆ ಪಥ್ಯವಿರುವಂತೆ ಇದಕ್ಕೂ ಪಥ್ಯವುಂಟು. ಪ್ರತಿ ಖಾತೆಗೂ ಬೇರೆ ಬೇರೆ, ಉದ್ದವಾದ ಪಾಸ್‌ವರ್ಡ್ ಇರಲಿ. ಒ.ಟಿ.ಪಿ.ಯನ್ನು ಯಾರಿಗೂ ಹೇಳಕೂಡದು. ಯು.ಪಿ.ಐ. ಪಿನ್ ಬೇಕಾಗುವುದು ಹಣ ಕೊಡಲು. ಪಡೆಯಲು ಎಂದಿಗೂ ಬೇಕಿಲ್ಲ. ಮೊಬೈಲಿನ ತಂತ್ರಾಂಶಕ್ಕೆ ಬಂದ ತಿದ್ದುಪಡಿಯನ್ನು ಲಸಿಕೆಯೆಂದೇ ತಿಳಿದು ತಡಮಾಡದೆ ಹಾಕಿಸಬೇಕು. ಮೋಸಹೋದುದು ತಿಳಿದೊಡನೆ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸಬೇಕು. ರೋಗವನ್ನು ವೈದ್ಯನಿಂದ ಮುಚ್ಚಿಟ್ಟರೆ ಉಲ್ಬಣಿಸುವಂತೆ, ನಾಚಿ ಸುಮ್ಮನಿದ್ದರೆ ಹಣವು ಕೈಯಿಂದ ಕೈಗೆ ದಾಟಿ ಮರೆಯಾಗುತ್ತದೆ.

ಈ ಉಪದೇಶವೆಲ್ಲ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಬಂದರೆ ಮನೆಯ ಹಿರಿಯರ ಮನಸ್ಸಿಗೆ ಇಳಿಯುವುದು ಕಷ್ಟ. ಬೆದರಿಕೆಯ ಕರೆಯೂ ಅಧಿಕಾರದ ಅದೇ ಭಾಷೆಗಳಲ್ಲಿ ಬರುತ್ತದೆ. ತಾಯ್ನುಡಿಯಲ್ಲಿ ಮೊದಲೇ ಕೇಳಿದ್ದ ಎಚ್ಚರಿಕೆಯು ಆ ಗಳಿಗೆಯಲ್ಲಿ ಧೈರ್ಯ ಕೊಡಬಲ್ಲದು. ಕನ್ನಡ ಸಂಘಗಳು ರಕ್ತದೊತ್ತಡ, ಮಧುಮೇಹಗಳ ತಪಾಸಣೆಗೆ ಶಿಬಿರ ನಡೆಸುವಂತೆಯೇ ವರ್ಷಕ್ಕೊಂದು ಸಂಜೆಯನ್ನು ಇದಕ್ಕೂ ಮೀಸಲಿಡುವುದು ಅಗತ್ಯ. ಅಲ್ಲಿ ಪಾಠ ಹೇಳಬೇಕಾದವರು ಹೊರಗಿನ ಪಂಡಿತರಲ್ಲ, ಗಣಕವಿಜ್ಞಾನ ಓದುತ್ತಿರುವ ಮನೆಯ ಮಕ್ಕಳೇ. ಅಜ್ಜಿಗೆ ಕನ್ನಡದಲ್ಲಿ ತಿಳಿಯಹೇಳಲಾರದ ವಿದ್ಯೆಯನ್ನು ವಿದ್ಯಾರ್ಥಿಯು ಪೂರ್ತಿಯಾಗಿ ಕಲಿತಂತಾಗಲಿಲ್ಲ.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವಿಲ್ಲ. ಗಣಿತಜ್ಞರು ಕೋಟೆಯನ್ನು ಕಟ್ಟಿಕೊಟ್ಟಿದ್ದಾರೆ. ಕಿಂಡಿಯ ಕಾವಲು ಮನೆಯವರದೇ.